ಸುಮ್ಮನೆ ಇಟ್ಟ ಬ್ಯಾಟರಿ ಬರಿದಾಗುವುದೇಕೆ?

2004ರ ಏಪ್ರಿಲ್ ತಿಂಗಳು. ಜನಪದ ಹಾಡುಗಾರರನ್ನು ಕುರಿತ ಕಾರ್ಯಕ್ರಮವೊಂದಕ್ಕಾಗಿ ನಾವು ನಾಲ್ವರು ಕೊಪ್ಪಳದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ನಾನು ಕೆಲಸಕ್ಕೆ ಸೇರಿ ಆಗಿನ್ನೂ ಒಂದು ವರ್ಷವಾಗಿರಲಿಲ್ಲ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಬೀಸುವ ಪದಗಳನ್ನು ಹಾಡುತ್ತಾರೆ, ಅದರಲ್ಲೊಂದು ಪದ ಮುಕ್ಕಾಲು ಗಂಟೆಯಷ್ಟು ಉದ್ದವಿದೆ ಎಂದು ಕೇಳಿದ್ದೆವು. ಅಜ್ಜಿ ಬೀಸುಕಲ್ಲಿನ ಮುಂದೆ ಕುಳಿತು ಗೂಟ ಹಿಡಿದು ಹಾಡತೊಡಗಿದರು. ಹದಿನೈದು ನಿಮಿಷವಾಗಿರಬಹುದು, ಕ್ಯಾಮರಾದಲ್ಲಿ ಎಚ್ಚರಿಕೆಯ ಕೆಂಪು ದೀಪ ಮಿಣುಕಿ ಚಿತ್ರ ಆರಿಹೋಯಿತು. ಎರಡನೆಯ ಬ್ಯಾಟರಿ ಹಾಕಿದೆವು. ಅದು ಆರು ನಿಮಿಷ ಬಂತು. ಮೂರನೆಯದು ಇರಲಿಲ್ಲ. ಊರಿನಲ್ಲಿ ಆ ಹೊತ್ತು ಕರೆಂಟೂ ಇರಲಿಲ್ಲ.

"ಮುಗೀತೇನ್ರಿ ನಿಮ್ಮ ಪೆಟ್ಟಿಗಿ? ಇನ್ನಾ ಅರ್ಧ ಪದ ಐತಿ" ಎಂದರು ಅಜ್ಜಿ.

ಆ ಎರಡೂ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದವನು ನಾನೇ. ಚಾರ್ಜರಿನ ಹಸಿರು ದೀಪ ಹೊತ್ತಿದ ಮೇಲೆಯೇ ತೆಗೆದು ಚೀಲಕ್ಕೆ ಹಾಕಿದ್ದೆ. ಆದರೆ ಅದು ನಡೆದದ್ದು ಹನ್ನೆರಡು ದಿನಗಳ ಹಿಂದೆ. ಅದು ಚುನಾವಣೆಯ ಕಾಲ, ವಾಹನ ಸಿಗದೆ ನಮ್ಮ ಪ್ರಯಾಣ ಮುಂದಕ್ಕೆ ಹೋಗಿತ್ತು. ಅಷ್ಟು ದಿನ ಚೀಲವನ್ನು ಯಾರೂ ಮುಟ್ಟಿರಲಿಲ್ಲ. ಕೊನೆಯ ಎರಡು ದಿನ ಅದು ಬಿಸಿಲಲ್ಲಿ ನಿಂತ ಜೀಪಿನೊಳಗೆ ಇತ್ತು. ಯಾರೂ ಬಳಸದ ಬ್ಯಾಟರಿ ಬರಿದಾಗುವುದೆಂದರೇನು? ನಾನು ಬಿ.ಎಸ್ಸಿ. ಓದಿದವನು, ವಿದ್ಯುತ್ಕೋಶದ ಚಿತ್ರವನ್ನು ಪರೀಕ್ಷೆಯಲ್ಲಿ ಅಂದವಾಗಿ ಬರೆದು ಅಂಕ ಪಡೆದವನು. ಆದರೂ ಆ ದಿನ ಜೀಪಿನಲ್ಲಿ ಹಿಂದಿರುಗುವಾಗ ಸಹೋದ್ಯೋಗಿಗಳ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಷಾಢದಲ್ಲಿ ಮತ್ತೆ ಹೋದಾಗ ಅಜ್ಜಿ ಇರಲಿಲ್ಲ. ಆ ಪದ ಪೂರ್ತಿಯಾಗಿ ಅವರ ಮಗಳಿಗೂ ಬಾರದು.

ವಿದ್ಯುತ್ಕೋಶಗಳನ್ನು ಕುರಿತ ಮಾತುಕತೆಯಲ್ಲಿ ಈ ವಿಷಯಕ್ಕೆ ನಮಗೆ ಎರಡು ನಿಮಿಷವಷ್ಟೇ ಸಿಕ್ಕಿತು. ಹೇಳಲಾಗದೆ ಉಳಿದದ್ದನ್ನು ವಿದ್ಯಾರ್ಥಿ ಮಿತ್ರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಬ್ಯಾಟರಿಯಲ್ಲಿ ವಿದ್ಯುತ್ತು ಕೊಡದಲ್ಲಿನ ನೀರಿನಂತೆ ತುಂಬಿರುವುದಿಲ್ಲ. ಆದ್ದರಿಂದ ಅದು ಸೋರುವುದೂ ಇಲ್ಲ. ಅಲ್ಲಿರುವುದು ಪರಸ್ಪರ ಕೂಡಿ ಕ್ರಿಯೆ ನಡೆಸಲು ಕಾದಿರುವ ಎರಡು ವಸ್ತುಗಳು. ಒಂದು ಎಲೆಕ್ಟ್ರಾನುಗಳನ್ನು ಕೊಡಬಲ್ಲದು, ಇನ್ನೊಂದು ತೆಗೆದುಕೊಳ್ಳಬಲ್ಲದು. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕವೇ ಹೋಗಬೇಕು ಎಂಬ ಕಟ್ಟುಪಾಡನ್ನು ನಾವು ಮಾಡಿರುತ್ತೇವೆ, ಅವು ಹೋಗುವ ದಾರಿಯಲ್ಲಿ ನಮ್ಮ ದೀಪವನ್ನೋ ಕ್ಯಾಮರಾವನ್ನೋ ಇಟ್ಟಿರುತ್ತೇವೆ. ಹೊರಗಿನ ತಂತಿ ಇಲ್ಲದೆಯೇ, ಒಳಗೊಳಗೇ ಅದೇ ಕ್ರಿಯೆ ನಡೆದುಹೋದರೆ ಅದನ್ನು ಸ್ವಯಂ ವಿಸರ್ಜನೆ ಎನ್ನುತ್ತಾರೆ. ಕಣಜದಲ್ಲಿಟ್ಟ ಜೋಳ ಸೋರಿ ಕಡಿಮೆಯಾಗುವುದಿಲ್ಲ, ನುಸಿ ತಿಂದು ಕಡಿಮೆಯಾಗುತ್ತದೆ. ಇಲ್ಲಿಯೂ ಹಾಗೆಯೇ. ಆ ನುಸಿ ಯಾವುದು ಎಂದು ಕಂಡುಹಿಡಿಯಲು ವಿಜ್ಞಾನಿಗಳು ಇನ್ನೂರು ವರ್ಷಗಳಿಂದ ಹೆಣಗುತ್ತಿದ್ದಾರೆ. ಅದನ್ನು ಎಷ್ಟೋ ಸಲ ಕಣಜ ಕಟ್ಟಿದವರೇ ಒಳಗಿಟ್ಟಿದ್ದರು ಎಂಬುದು ಈ ಕಥೆಯ ಸ್ವಾರಸ್ಯ.

ಇಟಲಿಯ ಅಲೆಸಾಂಡ್ರೊ ವೋಲ್ಟಾ ತನ್ನ ಬಿಲ್ಲೆಗಳ ಕಂಬವನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ಅಲ್ಲಿಂದ ಮುಂದೆ ಬಂದ ಹೆಚ್ಚಿನ ಕೋಶಗಳಲ್ಲಿ ಸತುವೇ ಮುಖ್ಯ ಲೋಹ. ಅವುಗಳಲ್ಲಿ ಒಂದು ತೊಂದರೆ ಎಲ್ಲರಿಗೂ ಕಾಣುತ್ತಿತ್ತು: ತಂತಿ ಜೋಡಿಸದೆ ಸುಮ್ಮನೆ ಬಿಟ್ಟರೂ ಸತುವಿನ ಫಲಕ ಆಮ್ಲದಲ್ಲಿ ಗುಳ್ಳೆಯೆಬ್ಬಿಸುತ್ತಾ ಕರಗುತ್ತಿತ್ತು. ಅತ್ಯಂತ ಶುದ್ಧ ಸತುವನ್ನು ದುರ್ಬಲ ಆಮ್ಲದಲ್ಲಿಟ್ಟರೆ ಅದು ಬಹಳ ನಿಧಾನವಾಗಿ ಕರಗುತ್ತದೆ. ಅಂಗಡಿಯಲ್ಲಿ ಸಿಗುವ ಸತುವಿನಲ್ಲಿ ಕಬ್ಬಿಣ, ಸೀಸ ಮುಂತಾದವುಗಳ ಕಣಗಳು ಸೇರಿರುತ್ತವೆ. ಅಂಥ ಕಣವೊಂದು, ಅದರ ಪಕ್ಕದ ಸತು, ಮೇಲೆ ಆಮ್ಲ: ಇಷ್ಟಿದ್ದರೆ ಒಂದು ಪುಟ್ಟ ವಿದ್ಯುತ್ಕೋಶವೇ ಆಯಿತು. ಎರಡೂ ಲೋಹಗಳು ಒಂದನ್ನೊಂದು ಮುಟ್ಟಿಕೊಂಡೇ ಇರುವುದರಿಂದ ಅದಕ್ಕೆ ತಂತಿಯೂ ಬೇಡ. ಒಂದು ಫಲಕದ ಮೇಲೆ ಇಂಥ ಸಾವಿರಾರು ಕಳ್ಳಕೋಶಗಳು ಹಗಲಿರುಳು ಕೆಲಸ ಮಾಡುತ್ತಿರುತ್ತವೆ. ಇದಕ್ಕೆ ಸ್ಥಾನಿಕ ಕ್ರಿಯೆ ಎಂದು ಹೆಸರು.

1830ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಇದಕ್ಕೊಂದು ಉಪಾಯ ಕಂಡುಕೊಂಡ. ಚಮ್ಮಾರಿಕೆ ಕಲಿತು, ಸೈನ್ಯದಲ್ಲಿ ದುಡಿದು, ತಾನಾಗಿ ವಿಜ್ಞಾನ ಓದಿಕೊಂಡವನು ಈತ. ವಿದ್ಯುತ್ಕಾಂತವನ್ನು ಮಾಡಿದವನೂ ಇವನೇ. ಸತುವಿನ ಫಲಕಕ್ಕೆ ಪಾದರಸವನ್ನು ಸವರಿದರೆ ಗುಳ್ಳೆಗಳು ನಿಲ್ಲುತ್ತವೆ ಎಂದು ಅವನು ತೋರಿಸಿದ. ಪಾದರಸದ ಮೇಲ್ಮೈಯಲ್ಲಿ ಜಲಜನಕ ಸುಲಭವಾಗಿ ಬಿಡುಗಡೆಯಾಗುವುದಿಲ್ಲ, ಆದ್ದರಿಂದ ಕಳ್ಳಕೋಶಗಳ ಕೆಲಸ ನಿಂತುಹೋಗುತ್ತದೆ. ಈ ಉಪಾಯ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಟಾರ್ಚಿಗೆ ಹಾಕುವ ಶುಷ್ಕಕೋಶಗಳಲ್ಲಿ 20ನೆಯ ಶತಮಾನದ ಕೊನೆಯವರೆಗೂ ಪಾದರಸ ಇರುತ್ತಿತ್ತು. ಅದನ್ನು ತೆಗೆದುಹಾಕಿದ್ದು ಪರಿಸರದ ಮೇಲಿನ ಕಾಳಜಿಯಿಂದ.

ಇವು ಒಮ್ಮೆ ಬಳಸಿ ಬಿಸಾಡುವ ಕೋಶಗಳ ಮಾತಾಯಿತು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಉಪಯುಕ್ತ ಬ್ಯಾಟರಿಯನ್ನು ಮಾಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ, 1859ರಲ್ಲಿ. ಎರಡು ಸೀಸದ ಹಾಳೆಗಳನ್ನು ನಡುವೆ ಅಂತರವಿರುವಂತೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ್ದ. 1881ರಲ್ಲಿ ಕಮಿಲ್ ಫಾರ್ ಎಂಬಾತ ಸೀಸದ ಆಕ್ಸೈಡನ್ನು ಕಲಸಿ ಫಲಕಕ್ಕೆ ಮೆತ್ತುವ ವಿಧಾನವನ್ನು ತಂದಾಗ ಹೆಚ್ಚು ಶಕ್ತಿಯನ್ನು ತುಂಬಿಡುವುದು ಸಾಧ್ಯವಾಯಿತು.

ಆ ವರ್ಷದ ಮೇ ತಿಂಗಳಲ್ಲಿ ನಡೆದ ಒಂದು ಪ್ರಸಂಗ ನನಗೆ ಬಹಳ ಪ್ರಿಯ. ಫಾರ್‌ನ ನಾಲ್ಕು ಕೋಶಗಳನ್ನು ಪ್ಯಾರಿಸ್ಸಿನಲ್ಲಿ ಚಾರ್ಜ್ ಮಾಡಿ, ಪೆಟ್ಟಿಗೆಯಲ್ಲಿಟ್ಟು, ರೈಲು ಹಡಗುಗಳಲ್ಲಿ ಸಾಗಿಸಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ವಿಲಿಯಂ ಥಾಮ್ಸನ್‌ಗೆ ತಲುಪಿಸಿದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಇವನೇ. ಪ್ರಯಾಣ ಸುಮಾರು ಮೂರು ದಿನದ್ದು. ಪೆಟ್ಟಿಗೆಯಲ್ಲಿ ಹತ್ತು ಲಕ್ಷ ಅಡಿ-ಪೌಂಡುಗಳಷ್ಟು ಶಕ್ತಿ ಇತ್ತು ಎಂದು ಪತ್ರಿಕೆಗಳು ಬೆರಗಿನಿಂದ ಬರೆದವು. ಥಾಮ್ಸನ್ ಕೂಡ ಜೂನ್ ತಿಂಗಳಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಈ ಬಗ್ಗೆ ಬರೆದ. ಹತ್ತು ಲಕ್ಷ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಇಂದು ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಅದು ಒಂದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸುಮಾರು 50 ಗ್ರಾಂ ಕಲ್ಲಿದ್ದಲನ್ನು ಸುಟ್ಟರೆ ಬರುವಷ್ಟು. ಆದರೂ ಜನ ಬೆರಗಾದದ್ದು ತಪ್ಪಲ್ಲ. ಒಂದು ದೇಶದಲ್ಲಿ ತುಂಬಿದ ವಿದ್ಯುತ್ತನ್ನು ಇನ್ನೊಂದು ದೇಶದಲ್ಲಿ ತೆರೆದು ಬಳಸಬಹುದು, ನಡುವಿನ ಮೂರು ದಿನ ಅದು ಉಳಿದಿರುತ್ತದೆ ಎಂಬುದೇ ಹೊಸ ಸಂಗತಿ. ನನ್ನ ಜೀಪಿನ ಚೀಲವನ್ನು ನೆನೆದಾಗಲೆಲ್ಲ ನನಗೆ ಈ ಪೆಟ್ಟಿಗೆ ನೆನಪಾಗುತ್ತದೆ.

ಉಳಿಯುತ್ತದೆ ಸರಿ, ಎಷ್ಟು ಕಾಲ? 1882ರ ಜನವರಿಯಲ್ಲಿ ಜಾನ್ ಹಾಲ್ ಗ್ಲಾಡ್‌ಸ್ಟನ್ ಮತ್ತು ಆಲ್ಫ್ರೆಡ್ ಟ್ರೈಬ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು 'ನೇಚರ್' ಪತ್ರಿಕೆಯಲ್ಲಿ ಈ ಬ್ಯಾಟರಿಗಳ ರಸಾಯನವನ್ನು ವಿವರಿಸತೊಡಗಿದರು. ಅವರು ಎತ್ತಿಕೊಂಡ ಮೊದಲ ವಿಷಯವೇ ಸ್ಥಾನಿಕ ಕ್ರಿಯೆ. ಧನಫಲಕದಲ್ಲಿ ಸೀಸದ ಪೆರಾಕ್ಸೈಡ್ ಇರುತ್ತದೆ, ಅದನ್ನು ಹೊತ್ತಿರುವ ಹಾಳೆಯೂ ಸೀಸವೇ. ಎರಡೂ ಒಂದನ್ನೊಂದು ಮುಟ್ಟಿವೆ, ಮೇಲೆ ಆಮ್ಲವಿದೆ. ಅಂದರೆ ಸ್ಟರ್ಜನ್‌ನ ಸತುವಿನ ಫಲಕದಲ್ಲಿ ಕಶ್ಮಲದಿಂದ ಆಗುತ್ತಿದ್ದದ್ದು ಇಲ್ಲಿ ಫಲಕದ ರಚನೆಯಿಂದಲೇ ಆಗುತ್ತದೆ! ಎರಡೂ ಸೇರಿ ಸೀಸದ ಸಲ್ಫೇಟ್ ಆಗುತ್ತವೆ, ಚಾರ್ಜ್ ಇಳಿಯುತ್ತದೆ. ಹಾಗಾದರೆ ಬ್ಯಾಟರಿ ಒಂದೇ ಗಂಟೆಯಲ್ಲಿ ಸತ್ತುಹೋಗಬೇಕಲ್ಲ ಎಂದು ನೀವು ಕೇಳಬಹುದು. ಹೋಗುವುದಿಲ್ಲ, ಏಕೆಂದರೆ ಹುಟ್ಟಿದ ಸಲ್ಫೇಟ್ ಆಮ್ಲದಲ್ಲಿ ಕರಗದೆ ಒಂದು ಪದರವಾಗಿ ಕುಳಿತು ಮುಂದಿನ ಕ್ರಿಯೆಗೆ ಅಡ್ಡ ಬರುತ್ತದೆ. ನಷ್ಟದಿಂದ ಹುಟ್ಟಿದ ವಸ್ತುವೇ ನಷ್ಟವನ್ನು ತಡೆಯುತ್ತದೆ. ಇದೇ ಬಗೆಯ ಕಾವಲು ಪದರವನ್ನು ನಾವು ಲೀಥಿಯಮ್ ಬ್ಯಾಟರಿಯಲ್ಲಿಯೂ ಕಾಣಲಿದ್ದೇವೆ.

ಇಷ್ಟರಲ್ಲಿ ಇನ್ನೊಂದು ನುಸಿ ಸದ್ದಿಲ್ಲದೆ ಒಳಸೇರಿತ್ತು. ಶುದ್ಧ ಸೀಸ ಬಹಳ ಮೆದು. ಫಲಕದ ಜಾಲರಿ ಗಟ್ಟಿಯಾಗಿರಲೆಂದು 1881ರಿಂದಲೇ ಸೀಸಕ್ಕೆ ಆಂಟಿಮನಿ ಬೆರೆಸುವ ಪದ್ಧತಿ ಬಂದಿತು. ಜಾಲರಿ ಗಟ್ಟಿಯಾಯಿತು, ಎರಕ ಹೊಯ್ಯುವುದು ಸುಲಭವಾಯಿತು, ಎಲ್ಲರೂ ಇದನ್ನೇ ಹಿಡಿದರು. ಆದರೆ ಬಳಸುತ್ತಾ ಹೋದಂತೆ ಧನಫಲಕದ ಆಂಟಿಮನಿ ಸ್ವಲ್ಪಸ್ವಲ್ಪವಾಗಿ ಕರಗಿ, ಆಮ್ಲದಲ್ಲಿ ತೇಲಿ, ಋಣಫಲಕದ ಮೇಲೆ ಹೋಗಿ ಕೂರುತ್ತದೆ. ಅಲ್ಲಿ ಜಲಜನಕ ಸುಲಭವಾಗಿ ಬಿಡುಗಡೆಯಾಗುವಂತೆ ಮಾಡುತ್ತದೆ. ಅಂದರೆ ಪಾದರಸ ಏನನ್ನು ತಡೆಯುತ್ತಿತ್ತೋ ಅದನ್ನೇ ಆಂಟಿಮನಿ ಆರಂಭಿಸುತ್ತದೆ. ಬ್ಯಾಟರಿಗೆ ವಯಸ್ಸಾದಂತೆ ಸುಮ್ಮನಿರುವಾಗಿನ ನಷ್ಟ ಹೆಚ್ಚುವುದಕ್ಕೆ ಇದು ಒಂದು ಕಾರಣ.

ದೂರವಾಣಿ ವಿನಿಮಯ ಕೇಂದ್ರಗಳಿಗೆ ಇದು ದೊಡ್ಡ ತಲೆನೋವಾಗಿತ್ತು. ಅಲ್ಲಿನ ಬ್ಯಾಟರಿಗಳ ಕೆಲಸವೆಂದರೆ ವರ್ಷಗಟ್ಟಲೆ ಕಾಯುವುದು, ಕರೆಂಟು ಹೋದಾಗ ಮಾತ್ರ ದುಡಿಯುವುದು. 1935ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೇರಿಂಗ್ ಮತ್ತು ಥಾಮಸ್ ಆಂಟಿಮನಿಯ ಬದಲು ಸ್ವಲ್ಪವೇ ಸ್ವಲ್ಪ ಕ್ಯಾಲ್ಸಿಯಮ್ ಬೆರೆಸಿದರೆ ಜಾಲರಿಯೂ ಗಟ್ಟಿಯಾಗುತ್ತದೆ, ನಷ್ಟವೂ ಕಡಿಮೆಯಾಗುತ್ತದೆ ಎಂದು ತೋರಿಸಿಕೊಟ್ಟರು. ಹಳತಾದ ಆಂಟಿಮನಿ ಬ್ಯಾಟರಿ ಸುಮ್ಮನಿದ್ದರೂ ತಿಂಗಳಿಗೆ ನೂರಕ್ಕೆ ಹತ್ತಕ್ಕೂ ಮಿಕ್ಕಿ ಕಳೆದುಕೊಳ್ಳಬಹುದು. ಕ್ಯಾಲ್ಸಿಯಮ್ ಬ್ಯಾಟರಿಯಲ್ಲಿ ಅದು ನೂರಕ್ಕೆ ಮೂರರ ಆಸುಪಾಸು. ಇಂದಿನ ಕಾರುಗಳ 'ನೀರು ಹಾಕಬೇಕಿಲ್ಲದ' ಬ್ಯಾಟರಿಗಳೆಲ್ಲ ಈ ಕ್ಯಾಲ್ಸಿಯಮ್ ವಂಶದವು.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಿಮ್ಮ ಮನೆಯ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ನಲ್ಲಿ ನೀರು ಕೂಡದು ಎಂದು ಮೆಕ್ಯಾನಿಕ್ ಹೇಳಿರುತ್ತಾರೆ. ಕಾರಣ ಕೇಳಿದ್ದೀರಾ? ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ, ಆ ಕಬ್ಬಿಣದ ಅಯಾನು ಋಣಫಲಕದಲ್ಲಿ ಒಂದು ಎಲೆಕ್ಟ್ರಾನನ್ನು ಪಡೆದು, ಈಜಿಕೊಂಡು ಧನಫಲಕಕ್ಕೆ ಹೋಗಿ ಅದನ್ನು ಅಲ್ಲಿ ಇಳಿಸಿ, ಮತ್ತೆ ಹಿಂದಿರುಗುತ್ತದೆ. ಊರಿಂದೂರಿಗೆ ಓಡಾಡುವ ಷಟಲ್ ಬಸ್ಸಿನಂತೆ. ಅದು ತಾನು ಖರ್ಚಾಗುವುದಿಲ್ಲ. ಆದ್ದರಿಂದ ಚಿಟಿಕೆಯಷ್ಟು ಕಬ್ಬಿಣ ಸಾಕು, ತಿಂಗಳುಗಟ್ಟಲೆ ಎಲೆಕ್ಟ್ರಾನುಗಳನ್ನು ಸಾಗಿಸುತ್ತಲೇ ಇರುತ್ತದೆ. ಸ್ಥಾನಿಕ ಕ್ರಿಯೆ ಒಂದೇ ಫಲಕದ ಮೇಲಿನ ಕಳ್ಳತನ. ಇದು ಎರಡು ಫಲಕಗಳ ನಡುವಿನ ಸಾಗಣೆ. ನನ್ನ ಕ್ಯಾಮರಾ ಬ್ಯಾಟರಿಯ ಉತ್ತರ ಇರುವುದು ಈ ಎರಡನೆಯ ಬಗೆಯಲ್ಲಿ.

ನಮ್ಮದು ನಿಕ್ಕಲ್-ಕ್ಯಾಡ್ಮಿಯಮ್ ಬ್ಯಾಟರಿ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ್ದು. (ಥಾಮಸ್ ಆಲ್ವ ಎಡಿಸನ್ ಅದೇ ಕಾಲದಲ್ಲಿ ಕ್ಯಾಡ್ಮಿಯಮ್ಮಿನ ಬದಲು ಕಬ್ಬಿಣವನ್ನು ಹಿಡಿದ. ಅವನ ಬ್ಯಾಟರಿ ದಶಕಗಟ್ಟಲೆ ಬಾಳುವ ಗಟ್ಟಿ ಪಿಂಡ. ಆದರೆ ಅದರ ಕಬ್ಬಿಣ ನೀರಿನೊಡನೆಯೇ ಕ್ರಿಯೆ ನಡೆಸಿ ಜಲಜನಕ ಬಿಡುವುದರಿಂದ ತಿಂಗಳಿಗೆ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಚಾರ್ಜ್ ಸುಮ್ಮನೆ ಹೋಗುತ್ತಿತ್ತು.) ನಿಕ್ಕಲ್-ಕ್ಯಾಡ್ಮಿಯಮ್ ಬ್ಯಾಟರಿ ಚಾರ್ಜಾದ ಮೊದಲ ದಿನವೇ ನೂರಕ್ಕೆ ಹತ್ತರಷ್ಟನ್ನು ಕಳೆದುಕೊಳ್ಳುವುದುಂಟು. ತುಂಬಿದ ನಿಕ್ಕಲ್ ಫಲಕ ಅಷ್ಟೊಂದು ಪ್ರಬಲ ಉತ್ಕರ್ಷಕ, ಅದು ತನ್ನ ಸುತ್ತಲಿನ ನೀರಿನಿಂದಲೇ ಆಮ್ಲಜನಕವನ್ನು ಬಿಡಿಸುತ್ತದೆ. ಆಮೇಲೆ ವೇಗ ತಗ್ಗುತ್ತದೆ, ಆದರೆ ನಿಲ್ಲುವುದಿಲ್ಲ. ಹೀಗೆ ಮುಂದುವರಿಯುವ ನಷ್ಟದ ಒಂದು ಪಾಲಿಗೆ ಕಾರಣ ಎಲ್ಲಿತ್ತು ಗೊತ್ತೆ? ಕಾರ್ಖಾನೆಯಲ್ಲಿ. ನಿಕ್ಕಲ್ ಫಲಕದ ಸಣ್ಣ ರಂಧ್ರಗಳನ್ನು ತುಂಬಲು ನಿಕ್ಕಲ್ ನೈಟ್ರೇಟ್ ದ್ರಾವಣ ಬಳಸುತ್ತಿದ್ದರು. ಎಷ್ಟು ತೊಳೆದರೂ ಸ್ವಲ್ಪ ನೈಟ್ರೇಟ್ ಉಳಿಯುತ್ತಿತ್ತು. ಅದು ಕೋಶದೊಳಗೆ ನೈಟ್ರೈಟಾಗಿ, ಕ್ಯಾಡ್ಮಿಯಮ್ ಫಲಕದಲ್ಲಿ ಅಮೋನಿಯ ಆಗಿ, ಆ ಅಮೋನಿಯ ನಿಕ್ಕಲ್ ಫಲಕಕ್ಕೆ ಹೋಗಿ ಮತ್ತೆ ನೈಟ್ರೈಟಾಗಿ, ಹೀಗೆ ಓಡಾಡುತ್ತಿತ್ತು. ನಮ್ಮ ಷಟಲ್ ಬಸ್ಸು ಇಲ್ಲಿಯೂ ಇತ್ತು!

ಇನ್ನು ಬಿಸಿಲಿನ ಮಾತು. ರಾಸಾಯನಿಕ ಕ್ರಿಯೆಯ ವೇಗ ಉಷ್ಣತೆಯೊಂದಿಗೆ ಹೇಗೆ ಏರುತ್ತದೆಂಬ ಸೂತ್ರವನ್ನು ಸ್ವಾಂಟೆ ಅರೇನಿಯಸ್ 1889ರಲ್ಲಿ ಕೊಟ್ಟದ್ದನ್ನು ಪಿ.ಯು.ಸಿ. ವಿದ್ಯಾರ್ಥಿಗಳು ಓದಿರುತ್ತೀರಿ. ಸ್ಥೂಲವಾಗಿ, ಪ್ರತಿ 10 ಡಿಗ್ರಿ ಸೆಲ್ಸಿಯಸ್ಸಿಗೆ ವೇಗ ಇಮ್ಮಡಿಯಾಗುತ್ತದೆಂದು ಲೆಕ್ಕ. 25 ಡಿಗ್ರಿಯ ಕೋಣೆಯಿಂದ 45 ಡಿಗ್ರಿಯ ಜೀಪಿಗೆ ಹೋದ ಬ್ಯಾಟರಿಗೆ ಎರಡು ದಿನವೆಂದರೆ ಎಂಟು ದಿನ. ಆ ಲೆಕ್ಕವನ್ನು ನಾನು ಮೊದಲೇ ಮಾಡಬಹುದಿತ್ತು. ನಮ್ಮ ಬ್ಯಾಟರಿಗಳಿಗೆ ವಯಸ್ಸೂ ಆಗಿತ್ತು. ಹಳೆಯ ಕಟ್ಟಿನಲ್ಲಿ ಒಂದು ಕೋಶ ದುರ್ಬಲವಾದರೆ ಸಾಕು, ಕ್ಯಾಮರಾ ಇಡೀ ಕಟ್ಟನ್ನೇ ಬರಿದಾಗಿದೆಯೆಂದು ತಿಳಿದು ನಿಂತುಬಿಡುತ್ತದೆ.

ನೈಟ್ರೇಟನ್ನು ಚೆನ್ನಾಗಿ ತೊಳೆದ ಮೇಲೂ ನಷ್ಟ ಪೂರ್ತಿ ನಿಲ್ಲಲಿಲ್ಲ. 1990ರ ಸುಮಾರಿಗೆ ಮಾರುಕಟ್ಟೆಗೆ ಬಂದ ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಗಳು ಇನ್ನೂ ದುಂದುಗಾರರು. ತಿಂಗಳಿಗೆ ನೂರಕ್ಕೆ ಮೂವತ್ತರವರೆಗೂ ಕಳೆದುಕೊಳ್ಳುತ್ತಿದ್ದವು. ಕ್ಯಾಮರಾದ ಫ್ಲಾಷಿಗೆಂದು ಅವನ್ನು ಕೊಂಡು ಡ್ರಾಯರಿನಲ್ಲಿ ಮರೆತವರು, ಬೇಕಾದಾಗ ಎಂದೂ ಚಾರ್ಜ್ ಇರುವುದಿಲ್ಲ ಎಂದು ಬೈದುಕೊಂಡದ್ದು ಇದರಿಂದಲೇ. ಜಪಾನಿನ ಮಾತ್ಸುಷಿತಾ ಸಂಸ್ಥೆಯ ಸಂಶೋಧಕರು 1990ರ ದಶಕದಲ್ಲಿ ಹುಡುಕಿದಾಗ ಸಿಕ್ಕಿಬಿದ್ದದ್ದು ಎರಡು ಫಲಕಗಳು ಒಂದನ್ನೊಂದು ಮುಟ್ಟದಂತೆ ನಡುವೆ ಇಟ್ಟಿದ್ದ ನೈಲಾನ್ ಹಾಳೆ! ಕ್ಷಾರದಲ್ಲಿ ನೆನೆದ ನೈಲಾನ್ ನಿಧಾನವಾಗಿ ಒಡೆದು ಸಾರಜನಕದ ಸಂಯುಕ್ತಗಳನ್ನು ಬಿಡುತ್ತಿತ್ತು, ಅವು ಮತ್ತದೇ ಅಮೋನಿಯದ ಓಡಾಟವನ್ನು ಆರಂಭಿಸುತ್ತಿದ್ದವು. ಕಾವಲಿಗೆ ನಿಲ್ಲಿಸಿದವನೇ ಬಾಗಿಲು ತೆಗೆದುಕೊಟ್ಟಂತೆ. ನೈಲಾನಿನ ಬದಲು ಗಂಧಕಾಮ್ಲದಿಂದ ಸಂಸ್ಕರಿಸಿದ ಪಾಲಿಪ್ರೊಪಿಲೀನ್ ಹಾಳೆ ಇಟ್ಟಾಗ ನಷ್ಟ ಗಣನೀಯವಾಗಿ ಇಳಿಯಿತು. 2005ರ ನವೆಂಬರಿನಲ್ಲಿ ಸಾನ್ಯೊ ಸಂಸ್ಥೆ 'ಎನೆಲೂಪ್' ಎಂಬ ಹೆಸರಿನಲ್ಲಿ, ಒಂದು ವರ್ಷ ಸುಮ್ಮನಿಟ್ಟರೂ ನೂರಕ್ಕೆ 85ರಷ್ಟು ಚಾರ್ಜ್ ಉಳಿಸಿಕೊಳ್ಳುವ ಕೋಶವನ್ನು ಮಾರಾಟಕ್ಕೆ ತಂದಿತು. ಅದರ ಮಿಶ್ರಲೋಹವನ್ನೂ ಬದಲಿಸಿದ್ದರು. ಅಂಗಡಿಯಿಂದ ತಂದು ನೇರವಾಗಿ ಬಳಸಬಹುದಾದ, ಮೊದಲೇ ಚಾರ್ಜ್ ಮಾಡಿಟ್ಟ ಕೋಶಗಳು ಸಾಮಾನ್ಯವಾದದ್ದು ಆ ಮೇಲೆ. ನಾವು ಕೊಪ್ಪಳಕ್ಕೆ ಹೋಗಿಬಂದು ಆಗ ಒಂದೂವರೆ ವರ್ಷವಾಗಿತ್ತು.

ಇಂದು ನಿಮ್ಮ ಕೈಯಲ್ಲಿರುವ ಮೊಬೈಲಿನದು ಲೀಥಿಯಮ್-ಅಯಾನು ಬ್ಯಾಟರಿ. 1991ರಲ್ಲಿ ಸೋನಿ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಕೆಲಸಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂದಿತು. ಸುಮ್ಮನಿದ್ದರೆ ತಿಂಗಳಿಗೆ ನೂರಕ್ಕೆ ಎರಡು ಮೂರರಷ್ಟೇ ನಷ್ಟ. ಇಲ್ಲಿನ ಋಣಫಲಕವೂ ತನ್ನ ದ್ರಾವಣದೊಡನೆ ಕ್ರಿಯೆ ನಡೆಸುತ್ತದೆ, ಆದರೆ ಮೊದಲ ಚಾರ್ಜಿನಲ್ಲೇ ಹುಟ್ಟುವ ತೆಳು ಪದರವೊಂದು ಕಾವಲಾಗಿ ಕೂರುತ್ತದೆ. ಈ ಪದರ ದಪ್ಪವಾಗುತ್ತಾ ಹೋದಂತೆ ನುಂಗುವ ಲೀಥಿಯಮ್ ಮತ್ತೆ ಬರುವುದಿಲ್ಲ. ಷಟಲಿನಿಂದ ಹೋದ ಚಾರ್ಜನ್ನು ಮರುದಿನ ತುಂಬಿಕೊಳ್ಳಬಹುದು, ಇದನ್ನು ತುಂಬಲಾಗದು. ಬಹಳ ದಿನ ಬಳಸದ ಫೋನನ್ನು ಪೂರ್ತಿ ತುಂಬಿಯೂ ಅಲ್ಲ, ಪೂರ್ತಿ ಬರಿದು ಮಾಡಿಯೂ ಅಲ್ಲ, ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಿ ಎನ್ನುವುದು ಇದಕ್ಕಾಗಿ.

ಇಷ್ಟೆಲ್ಲ ತಿಳಿದ ಮೇಲೂ ಕೆಲವು ಲೀಥಿಯಮ್ ಕೋಶಗಳು ಲೆಕ್ಕಕ್ಕಿಂತ ಬೇಗ ಬರಿದಾಗುತ್ತಿದ್ದವು. ಕೆನಡಾದ ಹ್ಯಾಲಿಫ್ಯಾಕ್ಸ್ ನಗರದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೆಟ್ಸ್‌ಗರ್ ಮತ್ತು ಸಂಗಡಿಗರು ಅಂಥ ಕೋಶಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿಟ್ಟು ತೆರೆದು ನೋಡಿದರು. 25 ಡಿಗ್ರಿಯಲ್ಲಿದ್ದ ದ್ರಾವಣ ತಿಳಿಯಾಗಿತ್ತು. 70 ಡಿಗ್ರಿಯಲ್ಲಿದ್ದದ್ದು ರಕ್ತದಂತೆ ಕೆಂಪಾಗಿತ್ತು. ಯಾರೂ ಹಾಕದ ಬಣ್ಣ ಎಲ್ಲಿಂದ ಬಂತು? ವಿಶ್ಲೇಷಿಸಿದಾಗ ಡೈಮೀಥೈಲ್ ಟೆರೆಫ್ಥಾಲೇಟ್ ಎಂಬ ಅಣು ಸಿಕ್ಕಿತು. ಪೆಟ್ ಪ್ಲಾಸ್ಟಿಕ್ ಒಡೆದರೆ ಬರುವ ವಸ್ತು ಇದು. ನೀರಿನ ಬಾಟಲಿ ಮಾಡುವುದೂ ಪೆಟ್‌ನಿಂದಲೇ. ಬ್ಯಾಟರಿಯಲ್ಲಿ ಅದೆಲ್ಲಿತ್ತು? ಒಳಗಿನ ಪದರಗಳು ಬಿಚ್ಚಿಕೊಳ್ಳದಿರಲೆಂದು ಅಂಟಿಸಿದ್ದ ಟೇಪಿನ ತುಣುಕಿನಲ್ಲಿ. ಆ ಅಣುವೇ ಫಲಕದಿಂದ ಫಲಕಕ್ಕೆ ಎಲೆಕ್ಟ್ರಾನುಗಳನ್ನು ಹೊತ್ತು ಓಡಾಡುತ್ತಿತ್ತು. ಇದು 2023ರ ಆರಂಭದಲ್ಲಿ ಸುದ್ದಿಯಾಯಿತು. ಇದಕ್ಕೆ ಪರಿಹಾರವಾಗಿ ಅವರು ಸೂಚಿಸಿದ್ದು ಪಾಲಿಪ್ರೊಪಿಲೀನಿನ ಟೇಪನ್ನು. ನೈಲಾನಿನ ಜಾಗಕ್ಕೆ ಜಪಾನಿನವರು ತಂದಿದ್ದದ್ದೂ ಪಾಲಿಪ್ರೊಪಿಲೀನನ್ನೇ.

ಕಾರ್ಖಾನೆಗಳು ಈ ನಷ್ಟವನ್ನು ತಮ್ಮ ಕೆಲಸಕ್ಕೂ ಬಳಸಿಕೊಳ್ಳುತ್ತವೆ. ಹೊಸದಾಗಿ ತಯಾರಾದ ಲೀಥಿಯಮ್ ಕೋಶಗಳನ್ನು ಚಾರ್ಜ್ ಮಾಡಿ, ಕೂಡಲೇ ಹೊರಗೆ ಕಳುಹಿಸದೆ, ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಕಪಾಟುಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಮೊದಲ ದಿನ ಪ್ರತಿಯೊಂದರ ವೋಲ್ಟೇಜನ್ನು ಅಳೆದು ಬರೆದುಕೊಳ್ಳುತ್ತಾರೆ, ಕೊನೆಯ ದಿನ ಮತ್ತೆ ಅಳೆಯುತ್ತಾರೆ. ಒಳಗೆ ಕೂದಲೆಳೆಯಂಥ ಲೋಹದ ಚೂರೊಂದು ಎರಡು ಫಲಕಗಳನ್ನು ಮುಟ್ಟಿಸಿದ್ದರೆ ಆ ಕೋಶದ ವೋಲ್ಟೇಜು ಅಕ್ಕಪಕ್ಕದವುಗಳಿಗಿಂತ ಕೆಲವು ಮಿಲಿವೋಲ್ಟು ಹೆಚ್ಚು ಇಳಿದಿರುತ್ತದೆ. ಅಂಥದನ್ನು ಸಾಲಿನಿಂದ ತೆಗೆದಿಡುತ್ತಾರೆ.